ಜೋಳಿಗೆ ಹಿಡಿದ ಗುರು: ಭಾಲ್ಕಿಯ ಚನ್ನಬಸವ ಪಟ್ಟದ್ದೇವರು

ಬೀದರ ನಗರದ ರಂಗಮಂದಿರದ ಮುಂದೆ ಹಾದುಹೋಗುವ ವಿದ್ಯಾರ್ಥಿಗಳೆಲ್ಲರೂ ಅದರ ಹೆಸರನ್ನು ಓದಿಯೇ ಇರುತ್ತಾರೆ. ಆ ಹೆಸರಿನ ಮಹನೀಯರು ನಮ್ಮಂಥ ಹುಡುಗರಿಗಾಗಿ ಏನು ಮಾಡಿದರೆಂಬುದನ್ನು ಬಲ್ಲವರು ವಿರಳ. ಡಾ. ಚನ್ನಬಸವ ಪಟ್ಟದ್ದೇವರ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಪೂಜ್ಯರು ಹುಟ್ಟಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕಮಲನಗರದಲ್ಲಿ. ಬಹುಕಾಲ ಔರಾದ ತಾಲ್ಲೂಕಿಗೆ ಸೇರಿದ್ದ ಆ ಊರು ಈಗ ತಾನೇ ಒಂದು ತಾಲ್ಲೂಕಾಗಿದೆ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ಶಿಕ್ಷಣ ಪಡೆದು, ತರುವಾಯ ಅವರು ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದರು.

ಆಗ ಬೀದರ ನಿಜಾಮರ ಹೈದರಾಬಾದು ಸಂಸ್ಥಾನದ ಜಿಲ್ಲೆ. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡವಾಡುವ ಒಕ್ಕಲುಮಗನಿಗೆ ಶಾಲೆಯೆಂಬುದು ಪರದೇಶವೇ ಆಗಿತ್ತು. ಪಾಠ ತಿಳಿಯದವನು ದನ ಕಾಯಲು ಹೋಗುತ್ತಿದ್ದನು. ದೊಡ್ಡವನಾದ ಮೇಲೆ ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದನು. ಉರ್ದು ಸಂಪನ್ನವಾದ ಭಾಷೆ. ಇಂದಿಗೂ ಅದು ನಮ್ಮ ಓಣಿಗಳ ಮಾತು. ಮಗುವಿಗೆ ತಾಯ್ನುಡಿಯ ಬಾಗಿಲನ್ನು ಮುಚ್ಚಿದುದೇ ಅನ್ಯಾಯ.

ಪಟ್ಟದ್ದೇವರು ಆ ಬಾಗಿಲನ್ನು ತೆರೆದರು. ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿ ನಮ್ಮ ಜಿಲ್ಲೆಯಲ್ಲಿ ಮನೆಮಾತಾಗಿದೆ. ಆದರೆ ಬಡಹುಡುಗನಿಗೆ ಶಾಲೆಯೊಂದೇ ಸಾಲದೆಂಬುದನ್ನೂ ಅವರು ಬಲ್ಲವರಾಗಿದ್ದರು. ಹಸಿದವನು ಹೇಗೆ ಓದಿಯಾನು? ಊರಿನಿಂದ ದೂರ ಬಂದವನು ಎಲ್ಲಿ ಮಲಗಿಯಾನು? ಪಟ್ಟವೇರಿದ ಸ್ವಾಮಿಗಳು ಜೋಳಿಗೆ ಹಿಡಿದು ಮನೆ ಮನೆಗೆ ನಡೆದರು. ರೈತರು ನೀಡಿದ ಕಾಳುಕಡಿಯಿಂದ ಪ್ರಸಾದ ನಿಲಯದ ಒಲೆ ಉರಿಯಿತು. ಜಾತಿಯನ್ನು ಕೇಳದೆ ಮಕ್ಕಳಿಗೆ ಅನ್ನವಿಕ್ಕಿದರು. ಕಮಲನಗರದ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಅವರ ಶ್ರಮದ ಫಲವೇ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಕನ್ನಡ ನಾಡಿನೊಡನೆ ಕೂಡಿತು. ಆ ಹೊತ್ತಿಗೆ ಗಡಿಯ ಈ ಮೂಲೆಯಲ್ಲಿ ಕನ್ನಡ ಓದಬಲ್ಲವರಿದ್ದರೆ ಅದರ ಹಿಂದೆ ಆ ಜೋಳಿಗೆಯ ಪುಣ್ಯವೂ ಇತ್ತು. ಬಸವಕಲ್ಯಾಣದ ಅನುಭವ ಮಂಟಪದ ನಿರ್ಮಾಣಕ್ಕಾಗಿಯೂ ದುಡಿದ ಪೂಜ್ಯರು ನೂರು ವರ್ಷಗಳನ್ನು ಮೀರಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಅವರ ಮಠ ಅನಾಥ ಶಿಶುಗಳಿಗೂ ಆಶ್ರಯವಿತ್ತಿದೆ. ಭಾಲ್ಕಿಯ ಸಮೀಪದ ಕರಡ್ಯಾಳದಲ್ಲಿ ಅವರ ಪರಂಪರೆಯ ಗುರುಕುಲವಿದೆ.

ಈ ಚರಿತ್ರೆಯನ್ನು ನಾನು ಬರೆಯಲು ಕಾರಣವುಂಟು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ನನ್ನೊಡನೆ ಹತ್ತನೆಯ ತರಗತಿಯಲ್ಲಿ ಕುಳಿತ ಗೆಳೆಯರಲ್ಲಿ ಕೆಲವರು ಇಂದು ಹೈದರಾಬಾದಿನಲ್ಲಿ ಗಾರೆ ಹೊರುತ್ತಿದ್ದಾರೆ. ಅವರು ನನಗಿಂತ ದಡ್ಡರಲ್ಲ. ಲೆಕ್ಕದಲ್ಲಿ ನನಗಿಂತ ಮುಂದಿದ್ದವನೂ ಅವರಲ್ಲಿದ್ದಾನೆ. ನಾನು ಶಾಲೆ ಬಿಡಲು ಹೊರಟಾಗ ಒಬ್ಬ ಗುರುಗಳು ಮನೆಗೆ ಬಂದು ನನ್ನ ತಂದೆಯೊಡನೆ ಮಾತನಾಡಿದರು. ಅವರ ಮನೆಗಳಿಗೆ ಯಾರೂ ಹೋಗಲಿಲ್ಲ. ನಮ್ಮ ನಡುವಿನ ಅಂತರ ಇಷ್ಟೇ.

ಇಂದು ಸರಕಾರದ ವಸತಿ ನಿಲಯಗಳಿವೆ, ವಿದ್ಯಾರ್ಥಿವೇತನವಿದೆ. ಜೋಳಿಗೆಯ ಅನ್ನಕ್ಕೆ ಬದಲಿ ದೊರಕಿದೆ. ಆದರೆ ಜೋಳಿಗೆ ಹಿಡಿದು ಬಾಗಿಲಿಗೆ ಬರುವ ಹಿರಿಯನಿಗೆ ಬದಲಿಯಿಲ್ಲ. ಔರಾದ, ಭಾಲ್ಕಿಗಳ ಹಳ್ಳಿಗಳಿಂದ ನಮ್ಮ ಕಾಲೇಜಿಗೆ ಬರುವ ಮೊದಲ ವರ್ಷದ ಹುಡುಗರಲ್ಲಿ ಯಾರು ಎರಡು ವಾರ ಕಾಣಿಸಲಿಲ್ಲ, ಏಕೆ ಕಾಣಿಸಲಿಲ್ಲ ಎಂದು ವಿಚಾರಿಸುವುದಕ್ಕೆ ಹಣ ಬೇಕಿಲ್ಲ. ಅಂತಿಮ ವರ್ಷದ ವಿದ್ಯಾರ್ಥಿಗಳಾದ ನಾವು ಒಬ್ಬೊಬ್ಬರು ಒಬ್ಬೊಬ್ಬನ ಹೊಣೆ ಹೊರೋಣ. ಅಧ್ಯಾಪಕ ಮಹಾಶಯರು ನಮಗೆ ದಾರಿ ತೋರಲಿ. ಪಟ್ಟದ್ದೇವರ ಹೆಸರಿನ ಕಟ್ಟಡ ನಗರದಲ್ಲಿದೆ. ಅವರ ಕೆಲಸವೂ ನಮ್ಮ ಕಾಲೇಜಿನಲ್ಲಿ ನಡೆಯಲಿ.