ದೊರೆಯದ ಪರವಾನಗಿ

ಮಾರ್ಟಿನ್ ಲೂಥರ್ ಕಿಂಗರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಅವರಿಗೆ ದೊರೆಯದೆ ಹೋದ ಒಂದು ಪರವಾನಗಿಯ ಬಳಿ. 1956ರ ಜನವರಿ 30ರ ರಾತ್ರಿ, ಅಮೆರಿಕದ ಅಲಬಾಮಾ ಸಂಸ್ಥಾನದ ಮಾಂಟ್‌ಗೊಮರಿ ನಗರದಲ್ಲಿ ಅವರ ಮನೆಗೆ ಬಾಂಬು ಬಿದ್ದಿತು. ಒಳಗೆ ಮಡದಿಯೂ ಹಸುಗೂಸೂ ಇದ್ದರು. 27 ವರ್ಷದ ಆ ಪಾದ್ರಿ ಆತ್ಮರಕ್ಷಣೆಗೆಂದು ಬಂದೂಕು ಒಯ್ಯಲು ಅನುಮತಿ ಬೇಡಿದರು. ಕೊಡುವುದೂ ಬಿಡುವುದೂ ಆಗ ಅಧಿಕಾರಿಯ ಚಿತ್ತವಾಗಿತ್ತು. ಕಪ್ಪು ಜನರ ಮುಂದಾಳಿಗೆ ಅದು ಒಲಿಯಲಿಲ್ಲ. ಬಳಿಕ ಅವರು ಮನೆಯಲ್ಲಿದ್ದ ಆಯುಧವನ್ನೂ ತೊರೆದು ಗಾಂಧೀಜಿಯವರ ಅಹಿಂಸೆಯನ್ನೇ ನೆಚ್ಚಿದರು.

1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಅವರನ್ನು ಕೊಂದ ಬಂದೂಕನ್ನು, ಸೆರೆಮನೆಯಿಂದ ತಪ್ಪಿಸಿಕೊಂಡ ಅಪರಾಧಿಯೊಬ್ಬ ಕೆಲವೇ ದಿನಗಳ ಹಿಂದೆ ಸುಳ್ಳು ಹೆಸರಿನಲ್ಲಿ ಕೊಂಡಿದ್ದ. ಕೊಂಡದ್ದು ಅದೇ ಅಲಬಾಮಾದ ಅಂಗಡಿಯಲ್ಲಿ. ಕಾಯಿದೆ ಯಾರನ್ನು ತಡೆದು ಯಾರನ್ನು ಬಿಟ್ಟಿತೆಂಬುದನ್ನು ನೆನೆದರೆ ನನಗೆ ಇಂದಿಗೂ ನೋವಾಗುತ್ತದೆ.