ಭೋಪಾಲದ ಸುಲ್ತಾನ್ ಜಹಾನ್ ಬೇಗಂ

1920ರಲ್ಲಿ ಅಲೀಗಢದ ಮುಸ್ಲಿಂ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಪ್ರಥಮ ಕುಲಾಧಿಪತಿಯ ಪದವಿ ದೊರೆತುದು ಒಬ್ಬ ಸ್ತ್ರೀಗೆ. ಅದೂ ಅಡಿಯಿಂದ ಮುಡಿಯವರೆಗೆ ಬುರ್ಖಾ ಧರಿಸಿ ಗಂಡಸರ ಸಭೆಗೆ ಬರುತ್ತಿದ್ದ ಸ್ತ್ರೀಗೆ. ಆಕೆಯೇ ಭೋಪಾಲದ ಅರಸಿ ಸುಲ್ತಾನ್ ಜಹಾನ್ ಬೇಗಂ. ಮುಸುಕೆಂದರೆ ಅಜ್ಞಾನವೆಂದು ಬಗೆಯುವವರಿಗೂ, ಮುಸುಕು ತೆಗೆದವಳು ಧರ್ಮವನ್ನೇ ತೊರೆದಳೆಂದು ಬಗೆಯುವವರಿಗೂ ಈಕೆಯ ಜೀವನ ಬಾಯಲ್ಲಿಟ್ಟ ಬಿಸಿತುಪ್ಪವೇ ಸರಿ.

ಈಕೆಯ ಮನೆತನದ ಕಥೆಯೇ ಅಪೂರ್ವವಾದುದು. 1819ರಲ್ಲಿ ಭೋಪಾಲದ ನವಾಬ ಗುಂಡು ತಗುಲಿ ಅಕಾಲದಲ್ಲಿ ಮಡಿದಾಗ ಅವನ ಎಳೆಯ ವಿಧವೆ ಕುದ್ಸಿಯಾ ಬೇಗಂ ತನ್ನ ಹಸುಗೂಸು ಮಗಳ ಹೆಸರಿನಲ್ಲಿ ರಾಜ್ಯಭಾರವನ್ನು ಕೈಗೆ ತೆಗೆದುಕೊಂಡಳು. ಆಳುವ ಹೊಣೆಗಾಗಿ ಗೋಷಾವನ್ನು ಬದಿಗಿಟ್ಟಳು. ಆ ಮಗಳು ಸಿಕಂದರ್ ಬೇಗಂ ಮುಸುಕಿಲ್ಲದೆ ಕುದುರೆಯೇರಿ ರಾಜ್ಯ ಸುತ್ತಿದವಳು. ಹಾಗೆಂದು ಇವರ ಧರ್ಮಶ್ರದ್ಧೆ ಸಡಿಲವಾಗಿತ್ತೆನ್ನುವಂತಿಲ್ಲ. ಭೋಪಾಲದ ಜಾಮಾ ಮಸೀದಿ ಕುದ್ಸಿಯಾ ಬೇಗಂ ಕಟ್ಟಿಸಿದ್ದು. ಮೋತಿ ಮಸೀದಿ ಸಿಕಂದರಳದು. ಸಿಕಂದರ್ ಬೇಗಂ 1863-64ರಲ್ಲಿ ತಾಯಿಯೊಡನೆ ಹಜ್ ಯಾತ್ರೆಯನ್ನೂ ಮುಗಿಸಿ ಬಂದಳು. ಮುಂದೆ ಸಿಕಂದರಳ ಮಗಳು ಷಾಜಹಾನ್ ಬೇಗಂ ಮೊದಮೊದಲು ತಾಯಿಯ ದಾರಿಯಲ್ಲೇ ನಡೆದು, 1871ರಲ್ಲಿ ವಿದ್ವಾಂಸನಾದ ಸಿದ್ದೀಕ್ ಹಸನ್ ಖಾನನನ್ನು ಎರಡನೆಯ ವಿವಾಹವಾದ ಬಳಿಕ ಪರದೆಯ ಹಿಂದೆ ಸರಿದಳು. ಒಂದೇ ಸಿಂಹಾಸನ, ಒಂದೇ ಕುರಾನು. ನಡೆ ಮಾತ್ರ ಬೇರೆ ಬೇರೆ.

ಸುಲ್ತಾನ್ ಜಹಾನ್ ಹುಟ್ಟಿದ್ದು 1858ರಲ್ಲಿ. ಬಾಲ್ಯ ಕಳೆದದ್ದು ಅಜ್ಜಿ ಸಿಕಂದರಳ ಕಣ್ಣಳತೆಯಲ್ಲಿ. ತಾಯಿಯ ಮರುಮದುವೆಯ ನಂತರ ತಾಯಿ ಮಗಳ ನಡುವೆ ವೈಮನಸ್ಯ ಬೆಳೆದು, ಒಂದೇ ಊರಿನಲ್ಲಿದ್ದೂ ವರ್ಷಗಟ್ಟಲೆ ಅವರಿಗೆ ಮಾತುಕತೆಯಿಲ್ಲವಾಯಿತು. ಅಜ್ಜಿಯ ಮುದ್ದಿನಲ್ಲಿ ಬೆಳೆದು ತಾಯಿಯೊಡನೆ ಮುನಿದವಳು ಅಜ್ಜಿಯಂತೆ ಮುಸುಕು ಕಿತ್ತೆಸೆಯುವಳೆಂದು ಯಾರಾದರೂ ಊಹಿಸಿಯಾರು. ಆದುದು ಬೇರೆ. 1901ರಲ್ಲಿ ಪಟ್ಟಕ್ಕೆ ಬಂದ ಬೇಗಂ ಗೋಷಾವನ್ನು ಬಿಡಲಿಲ್ಲ. ಗೋಷಾದ ಕಾರಣ ಯಾವ ಕೆಲಸವನ್ನೂ ಬಿಡಲಿಲ್ಲ. ಕೆಲವೇ ತಿಂಗಳಲ್ಲಿ ಪತಿ ತೀರಿಕೊಂಡರೂ ಧೃತಿಗೆಡದೆ ಕಾಗದಪತ್ರಗಳನ್ನು ತಾನೇ ನೋಡಿದಳು, ಪ್ರಜೆಗಳ ಅಹವಾಲು ಕೇಳಿದಳು. 1903ರ ದೆಹಲಿ ದರ್ಬಾರಿಗೂ, 1911ರಲ್ಲಿ ಲಂಡನ್ನಿನಲ್ಲಿ ನಡೆದ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೂ ಬುರ್ಖಾದಲ್ಲಿಯೇ ಹೋದಳು. ಲಂಡನ್ನಿನ ಜನಕ್ಕೆ ಅದೊಂದು ಕೌತುಕ. ಆಕೆಗೆ ಮಾತ್ರ ಅದು ನಿತ್ಯದ ಉಡುಪು.

ಹೆಣ್ಣುಮಕ್ಕಳ ವಿದ್ಯೆ ಆಕೆಯ ಜೀವನದ ದೊಡ್ಡ ಹಂಬಲ. ಭೋಪಾಲದಲ್ಲಿ ಸುಲ್ತಾನಿಯಾ ಬಾಲಿಕಾ ಪಾಠಶಾಲೆಯನ್ನು ತೆರೆದಳು. ಸೂಲಗಿತ್ತಿಯರಿಗೆ ಶಿಕ್ಷಣ ಕೊಡಿಸಿದಳು. ಅಲೀಗಢದಲ್ಲಿ ಷೇಕ್ ಅಬ್ದುಲ್ಲಾ ದಂಪತಿಗಳು 1906ರಲ್ಲಿ ಆರಂಭಿಸಿದ ಹೆಣ್ಣುಮಕ್ಕಳ ಶಾಲೆಗೆ ಈಕೆ ಕೊಡುಗೈಯ ಆಸರೆ. ಆ ಶಾಲೆಗೆ ಮಕ್ಕಳು ಬರುತ್ತಿದ್ದುದು ಪರದೆ ಇಳಿಬಿಟ್ಟ ಡೋಲಿಗಳಲ್ಲಿ. ಪರದೆಯನ್ನು ತೆಗೆದೇ ತೀರಬೇಕೆಂದು ಅಂದು ಯಾರಾದರೂ ಹಟ ಹಿಡಿದಿದ್ದರೆ ಆ ಡೋಲಿಗಳು ಮನೆಯ ಬಾಗಿಲಲ್ಲೇ ನಿಲ್ಲುತ್ತಿದ್ದುವು. ಬೇಗಂ ಇದನ್ನು ಚೆನ್ನಾಗಿ ಅರಿತಿದ್ದಳೆಂದು ತೋರುತ್ತದೆ. ಗೋಷಾವನ್ನು ಸಮರ್ಥಿಸಿ ಆಕೆ ಬರೆದ ಅಲ್ ಹಿಜಾಬ್ ಎಂಬ ಗ್ರಂಥ 1922ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಯುರೋಪನ್ನು ಕಣ್ಣಾರೆ ಕಂಡುಬಂದವಳ ವಾದವದು. ಒಪ್ಪದವರೂ ಅದನ್ನು ಓದಿಯೇ ಅಲ್ಲಗಳೆಯಬೇಕು.

1924 ಆಕೆಯ ಪಾಲಿಗೆ ಕ್ರೂರ ವರ್ಷ. ಹಿರಿಯ ಮಕ್ಕಳಿಬ್ಬರೂ ಕೆಲವು ತಿಂಗಳ ಅಂತರದಲ್ಲಿ ತೀರಿಕೊಂಡರು. ಉಳಿದ ಕಿರಿಯ ಮಗ ಹಮೀದುಲ್ಲಾ ಖಾನನಿಗೆ ಪಟ್ಟ ಸಲ್ಲಬೇಕೆಂದು ವಾದಿಸಲು ಮುಪ್ಪಿನಲ್ಲಿ ಮತ್ತೆ ಲಂಡನ್ನಿಗೆ ನಡೆದಳು. ಗೆದ್ದಳು. 1926ರಲ್ಲಿ ತಾನಾಗಿಯೇ ಸಿಂಹಾಸನದಿಂದ ಇಳಿದು ಮಗನನ್ನು ಕೂರಿಸಿದಳು. ಭೋಪಾಲವನ್ನು ನೂರು ವರ್ಷ ಆಳಿದ ಬೇಗಮರ ಸಾಲು ಅಲ್ಲಿಗೆ ಮುಗಿಯಿತು.

1928ರಲ್ಲಿ ದೆಹಲಿಯಲ್ಲಿ ಕೂಡಿದ ಅಖಿಲ ಭಾರತ ಮಹಿಳಾ ಪರಿಷತ್ತಿಗೆ ಈಕೆಯೇ ಅಧ್ಯಕ್ಷೆ. ಗೋಷಾದ ಪರವಾಗಿ ಪುಸ್ತಕ ಬರೆದಿದ್ದವಳು ಈಗ, ನಮ್ಮ ದೇಶದಲ್ಲಿ ನಡೆದುಬಂದಿರುವ ಗೋಷಾದ ಕಟ್ಟುನಿಟ್ಟು ಧರ್ಮ ವಿಧಿಸಿದ್ದಲ್ಲ, ದೇಶಾಚಾರದಿಂದ ಬಂದದ್ದು, ಹೆಣ್ಣುಮಕ್ಕಳ ವಿದ್ಯೆಗೆ ಅದು ತೊಡಕು ಎಂಬ ಅಭಿಪ್ರಾಯಕ್ಕೆ ಬಂದಿದ್ದಳು. ಆ ದಶಕದ ಕೊನೆಗೆ, ಎಪ್ಪತ್ತರ ಅಂಚಿನಲ್ಲಿ, ಸಾರ್ವಜನಿಕವಾಗಿ ಮುಸುಕನ್ನು ತೆಗೆದಳು. ಹಾಕಿಕೊಂಡದ್ದು ತನ್ನ ನಂಬಿಕೆಯಿಂದ; ತೆಗೆದದ್ದೂ ತನ್ನ ವಿಚಾರದಿಂದ. ಎರಡಕ್ಕೂ ಯಾವ ಸರಕಾರದ ಹುಕುಮೂ ಬೇಕಾಗಲಿಲ್ಲ.

ಅನಂತರ ಆಕೆ ಹೆಚ್ಚು ಕಾಲ ಬದುಕಲಿಲ್ಲ. 1930ರ ಮೇ ತಿಂಗಳಲ್ಲಿ ಮರಣ ಹೊಂದಿದಳು. ಅಲೀಗಢದ ಕುಲಾಧಿಪತಿಯ ಸ್ಥಾನ ಅಂದಿನವರೆಗೂ ಆಕೆಯದೇ ಆಗಿತ್ತು.