ಮಂಗನ ಕಾಯಿಲೆ ಜಾಡು ಹಿಡಿದ ಡಾ. ವರ್ಕ್
ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆ ಭಯ. ಈ ಕಾಯಿಲೆಯ ಮೂಲ ಹುಡುಕಿದವರಲ್ಲಿ ಪ್ರಮುಖರು ಅಮೆರಿಕದ ವೈದ್ಯ ಡಾ. ಟೆಲ್‌ಫೋರ್ಡ್ ವರ್ಕ್. 1921ರಲ್ಲಿ ಹುಟ್ಟಿದ ಅವರು ಫಿಜಿ, ಈಜಿಪ್ಟ್‌ಗಳಲ್ಲಿ ಕೆಲಸ ಮಾಡಿ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಿವೆ, ಜನಕ್ಕೂ ಜ್ವರ ಅಂತ ಸುದ್ದಿ ಹೋಯ್ತು. ಹಳದಿ ಜ್ವರ ದೇಶಕ್ಕೆ ಕಾಲಿಟ್ಟಿತಾ ಎಂಬ ಆತಂಕದಲ್ಲೇ ಅವರ ತಂಡ ಬಂತು. ರೋಗಿಗಳ ರಕ್ತ, ಸತ್ತ ಮಂಗ, ಉಣುಗು ಎಲ್ಲ ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸ ವೈರಸ್. ಹರಡೋದು ಉಣುಗಿನಿಂದ ಅನ್ನೋದೂ ತಿಳೀತು.

ಡಾ. ವರ್ಕ್ 1995ರಲ್ಲಿ ತೀರಿಕೊಂಡರು. ಆರೋಗ್ಯ ಇಲಾಖೆ ಇವತ್ತಿಗೂ ಮಾಡೋದು ಅದೇ ಕೆಲಸ: ಮಂಗ ಸತ್ತ ಜಾಗ ಗುರುತಿಸೋದು, ಉಣುಗು ಪರೀಕ್ಷೆ. ಜೊತೆಗೆ ಕಾಡಿಗೆ ಹೋಗೋರಿಗೆ ಡೇಪಾ ತೈಲ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.